ಮಾಂಟ್ರಿಯಲ್ ತಪ್ಪಿದ್ದು ಆಯ್ಕೆಯಲ್ಲೋ, ಬೆಳೆಸುವುದರಲ್ಲೋ?

ಕೆನಡಾದ ಬ್ರೊಸಾರ್‌ನಲ್ಲಿ ನೆಲೆಸಿರುವ ಓದುಗರೊಬ್ಬರು ನಮಗೆ ದೀರ್ಘವಾದ ಪತ್ರ ಬರೆದಿದ್ದಾರೆ. ಐಸ್ ಹಾಕಿ ಆಟಗಾರ ಲೇನ್ ಹಟ್ಸನ್‌ಗೆ 2025ರ ಜೂನ್‌ನಲ್ಲಿ ವರ್ಷದ ಶ್ರೇಷ್ಠ ಹೊಸ ಆಟಗಾರನಿಗೆ ಕೊಡುವ ಕಾಲ್ಡರ್ ಪ್ರಶಸ್ತಿ ಬಂದಾಗ ನಾವು ಪ್ರಕಟಿಸಿದ ಟಿಪ್ಪಣಿ, ಮಾಂಟ್ರಿಯಲ್ ಕೆನೇಡಿಯನ್ಸ್ ತಂಡದ ಆಡಳಿತವನ್ನು ಹೊಗಳಿ ಅಟ್ಟಕ್ಕೇರಿಸಿದೆ ಎಂಬುದು ಅವರ ಆಕ್ಷೇಪ. ಅವರ ಲೆಕ್ಕದಲ್ಲಿ ತಂಡ ಎರಡು ಅಕ್ಷಮ್ಯ ತಪ್ಪು ಮಾಡಿದೆ. 2022ರಲ್ಲಿ ಶೇನ್ ರೈಟ್‌ನನ್ನು ಬಿಟ್ಟು ಯುರಾಯ್ ಸ್ಲಾಫ್ಕೊವ್‌ಸ್ಕಿಯನ್ನು ಆರಿಸಿತು. 2023ರಲ್ಲಿ ಮಾಟ್ವೇ ಮಿಚ್ಕೊವ್‌ನನ್ನು ಬಿಟ್ಟು ಡೇವಿಡ್ ರೈನ್‌ಬಾಕರ್‌ನನ್ನು ಆರಿಸಿತು. 2024-25ರ ಋತುವಿನಲ್ಲಿ ಪ್ಲೇಆಫ್ ಮುಟ್ಟಿಯೂ ಐದೇ ಪಂದ್ಯಗಳಲ್ಲಿ ಹೊರಬಿದ್ದದ್ದು ಇದರ ಫಲವೆಂದೂ, ಜನರಲ್ ಮ್ಯಾನೇಜರ್ ಕೆಂಟ್ ಹ್ಯೂಸ್ ಕುರ್ಚಿ ಬಿಡಬೇಕೆಂದೂ ಅವರ ವಾದ. ಕಚೇರಿಯಲ್ಲಿ ಊಟದ ಹೊತ್ತಿಗೆ ಇದೇ ಜಗಳ ನಡೆಯುತ್ತದೆಯಂತೆ. ನಮ್ಮ ನಿಲುವೇನು ಎಂದು ಅವರು ನೇರವಾಗಿ ಕೇಳಿದ್ದಾರೆ.

ಮಾನ್ಯರೇ,

ನಿಮ್ಮ ಪತ್ರದ ಕಾವು ನನಗೆ ಇಷ್ಟವಾಯಿತು. ಇಪ್ಪತ್ತನಾಲ್ಕು ಸಲ ಐಸ್ ಹಾಕಿಯ ಪರಮೋಚ್ಚ ಟ್ರೋಫಿಯಾದ ಸ್ಟ್ಯಾನ್ಲಿ ಕಪ್ ಗೆದ್ದು, 1993ರ ನಂತರ ಒಮ್ಮೆಯೂ ಅದನ್ನು ಕಾಣದ ತಂಡದ ಅಭಿಮಾನಿ ತಣ್ಣಗೆ ಬರೆಯಬೇಕೆಂದು ಯಾರೂ ಅಪೇಕ್ಷಿಸುವುದಿಲ್ಲ. ನಿಮ್ಮ ಎರಡು ದೂರುಗಳಲ್ಲಿ ಒಂದನ್ನು ನಾನು ಪೂರ್ತಿ ಒಪ್ಪುವುದಿಲ್ಲ, ಇನ್ನೊಂದನ್ನು ಬಹುಪಾಲು ಒಪ್ಪುತ್ತೇನೆ. ಆದರೆ ಎರಡರಲ್ಲೂ ನೀವು ಬೆರಳು ತೋರಿಸುತ್ತಿರುವ ಜಾಗ ಸರಿಯಾದದ್ದಲ್ಲ ಎಂಬುದು ನನ್ನ ಅನಿಸಿಕೆ.

ಐಪಿಎಲ್ ಹರಾಜನ್ನು ಮಾತ್ರ ಕಂಡಿರುವ ಓದುಗರಿಗಾಗಿ ಒಂದು ಮಾತು. ಉತ್ತರ ಅಮೆರಿಕದ ಎನ್‌ಎಚ್‌ಎಲ್ ಲೀಗ್‌ನ ಡ್ರಾಫ್ಟ್‌ನಲ್ಲಿ ಹಣ ಕೂಗುವುದಿಲ್ಲ. ಹದಿನೆಂಟರ ಆಸುಪಾಸಿನ ಹುಡುಗರನ್ನು ಮೂವತ್ತೆರಡು ತಂಡಗಳು ಸರದಿಯಂತೆ, ಏಳು ಸುತ್ತುಗಳಲ್ಲಿ ಆರಿಸಿಕೊಳ್ಳುತ್ತವೆ. ಹಿಂದಿನ ಋತುವಿನಲ್ಲಿ ಸೋತು ಸುಣ್ಣವಾದ ತಂಡಗಳಿಗೆ ಮೊದಲ ಸರದಿಗಳು ಸಿಗುತ್ತವೆ. ಅವುಗಳ ಅನುಕ್ರಮವನ್ನು ಲಾಟರಿ ತೀರ್ಮಾನಿಸುತ್ತದೆ. ಯಾವ ಊರಿಗೆ ಹೋಗಬೇಕೆಂದು ಹುಡುಗನನ್ನು ಯಾರೂ ಕೇಳುವುದಿಲ್ಲ.

ಮೊದಲು 2022. ಅದರ ಹಿಂದಿನ ವರ್ಷ ಸ್ಟ್ಯಾನ್ಲಿ ಕಪ್ ಫೈನಲ್ ಆಡಿದ್ದ ತಂಡ 2021-22ರಲ್ಲಿ ಬರೀ 55 ಅಂಕ ಗಳಿಸಿ ಲೀಗ್‌ನ ತಳ ಸೇರಿತ್ತು. ಜುಲೈ 7ರಂದು ಡ್ರಾಫ್ಟ್ ನಡೆದದ್ದು ಮಾಂಟ್ರಿಯಲ್‌ನ ತವರು ಅಂಗಳವಾದ ಬೆಲ್ ಸೆಂಟರ್‌ನಲ್ಲೇ. ಮೊದಲ ಆಯ್ಕೆಯೂ ಮಾಂಟ್ರಿಯಲ್‌ನದೇ. ಕಿಂಗ್‌ಸ್ಟನ್‌ನ ಜೂನಿಯರ್ ತಂಡದ ಸೆಂಟರ್ (ಮುಂಚೂಣಿಯ ನಡುವಿನ) ಆಟಗಾರ ಶೇನ್ ರೈಟ್ ಮೊದಲಿಗನಾಗುತ್ತಾನೆಂದು ವರ್ಷಗಳಿಂದ ಬರೆದುಕೊಂಡು ಬಂದಿದ್ದರು; ಗ್ಯಾಲರಿಯಲ್ಲಿ ಆತನ ಹೆಸರನ್ನು ಕೂಗುತ್ತಿದ್ದವರೂ ಕಡಿಮೆಯಿರಲಿಲ್ಲ. ಕರೆದದ್ದು ಸ್ಲೊವಾಕಿಯಾದ ಸ್ಲಾಫ್ಕೊವ್‌ಸ್ಕಿಯ ಹೆಸರು. ರೈಟ್ ನಾಲ್ಕನೆಯವನಾಗಿ ಸಿಯಾಟಲ್‌ಗೆ ಹೋದ. ವೇದಿಕೆ ಏರುವಾಗ ಆತ ಮಾಂಟ್ರಿಯಲ್‌ನ ಮೇಜಿನತ್ತ ಕಣ್ಣು ಕೆಕ್ಕರಿಸಿ ನೋಡಿದನೆಂದು ಜನ ಆ ದೃಶ್ಯವನ್ನು ಮತ್ತೆಮತ್ತೆ ಹಾಕಿಕೊಂಡು ನೋಡಿದರು. ಡಿಸೆಂಬರ್ 6ರಂದು ಆತ ತನ್ನ ಮೊದಲ ಎನ್‌ಎಚ್‌ಎಲ್ ಗೋಲನ್ನು ಹೊಡೆದದ್ದು ಇದೇ ಮಾಂಟ್ರಿಯಲ್ ವಿರುದ್ಧ. ಆ ರಾತ್ರಿಯ ಸಂಕಟವನ್ನು ನೀವು ಪತ್ರದಲ್ಲಿ ಬರೆದಿದ್ದೀರಿ. ಅದು ನನಗೆ ಅರ್ಥವಾಗುತ್ತದೆ.

ಆದರೆ ಸಂಕಟವನ್ನು ಪಕ್ಕಕ್ಕಿಟ್ಟು ಲೆಕ್ಕ ನೋಡೋಣ. 2024-25ರಲ್ಲಿ ಗೋಲು ಮತ್ತು ಅಸಿಸ್ಟ್ (ಗೋಲಿಗೆ ದಾರಿಮಾಡಿದ ಪಾಸ್) ಎರಡೂ ಸೇರಿ ರೈಟ್ ಗಳಿಸಿದ್ದು 44 ಅಂಕ, ಸ್ಲಾಫ್ಕೊವ್‌ಸ್ಕಿ 51. ಅದರ ಹಿಂದಿನ ಋತುವಿನಲ್ಲಿ ಸ್ಲಾಫ್ಕೊವ್‌ಸ್ಕಿ 20 ಗೋಲುಗಳೊಂದಿಗೆ 50 ಅಂಕ ಮುಟ್ಟಿದ್ದ. ರೈಟ್ ಆಗ ಹೆಚ್ಚುಕಾಲ ಕೆಳ ಲೀಗ್‌ನಲ್ಲಿ ಆಡುತ್ತಿದ್ದ. ಆ ಡ್ರಾಫ್ಟ್‌ನ ತುದಿಯಲ್ಲಿದ್ದವರ ಪೈಕಿ 2024-25ರಲ್ಲಿ ಇವರಿಬ್ಬರಿಗಿಂತಲೂ ಮುಂದೆ ಇದ್ದವನು ಮೂರನೆಯವನಾಗಿ ಆಯ್ಕೆಯಾದ ಲೋಗನ್ ಕೂಲಿ, 65 ಅಂಕ. ಅಂದು ಬೆಲ್ ಸೆಂಟರ್‌ನಲ್ಲಿ ನೆರೆದವರು ಕೂಗಿದ್ದು ಕೂಲಿಯ ಹೆಸರನ್ನಲ್ಲ. ಹಾಗಾಗಿ ಅಭಿಮಾನಿಗಳ ಮಾತು ಕೇಳಿದ್ದರೆ ತಂಡ ಉದ್ಧಾರವಾಗುತ್ತಿತ್ತು ಎಂಬ ವಾದ ನಿಲ್ಲುವುದಿಲ್ಲ.

ಅಂಕಪಟ್ಟಿಯಲ್ಲಿ ಕಾಣದ್ದೂ ಒಂದಿದೆ. ಮುಂದಿನ ಸಲ ಪಂದ್ಯ ನೋಡುವಾಗ ದಯವಿಟ್ಟು ಪಕ್ (ಚೆಂಡಿನ ಬದಲಿಗಿರುವ ರಬ್ಬರ್ ಬಿಲ್ಲೆ) ಬಿಟ್ಟು ಸ್ಲಾಫ್ಕೊವ್‌ಸ್ಕಿಯನ್ನೇ ನೋಡಿ. ಆರಡಿ ಮೀರಿದ ಆ ಮೈಕಟ್ಟನ್ನು ಮೂಲೆಯ ಹಲಗೆಗೆ ಒತ್ತಿ ಹಿಡಿಯಲು ಎದುರಾಳಿಯ ಇಬ್ಬರು ಬರುತ್ತಾರೆ. ಆತ ಬೆನ್ನು ಕೊಟ್ಟು ನಿಂತು, ಪಕ್ಕನ್ನು ಕೋಲಿನ ತುದಿಯಿಂದ ಒಂದೆರಡು ಕ್ಷಣ ಕಾಯ್ದುಕೊಳ್ಳುತ್ತಾನೆ. ಅಷ್ಟರಲ್ಲಿ ಜೊತೆಗಾರರಾದ ನಿಕ್ ಸುಜುಕಿಗೋ ಕೋಲ್ ಕಾಫೀಲ್ಡ್‌ಗೋ ಗೋಲಿನ ಮುಂದೆ ಜಾಗ ತೆರೆದುಕೊಂಡಿರುತ್ತದೆ. ಕಾಫೀಲ್ಡ್ ಕುಳ್ಳ ಆಟಗಾರ. 2024-25ರಲ್ಲಿ ಆತ ಹೊಡೆದ 37 ಗೋಲುಗಳನ್ನೂ ಸುಜುಕಿಯ 89 ಅಂಕಗಳನ್ನೂ ಕೊಂಡಾಡುವಾಗ, ಮೂಲೆಯಲ್ಲಿ ಗುದ್ದು ತಿನ್ನುತ್ತಿದ್ದವನನ್ನು ಮರೆಯುವುದು ನ್ಯಾಯವಲ್ಲ.

ಇಲ್ಲಿ ನೀವು ಎತ್ತಬೇಕಿದ್ದ ಪ್ರಶ್ನೆಯೇ ಬೇರೆ. ಸ್ಲಾಫ್ಕೊವ್‌ಸ್ಕಿಯ ಮೊದಲ ವರ್ಷ ನೆನಪಿದೆಯಲ್ಲ? ಮೂವತ್ತೊಂಬತ್ತು ಪಂದ್ಯ, ಹತ್ತು ಅಂಕ, 2023ರ ಜನವರಿಯಲ್ಲಿ ಮೊಣಕಾಲಿಗೆ ಪೆಟ್ಟು, ಅಲ್ಲಿಗೆ ಋತು ಮುಗಿಯಿತು. ತಲೆ ತಗ್ಗಿಸಿ ಪಕ್ ಒಯ್ಯುವ ಅಭ್ಯಾಸವಿದ್ದ ಹದಿನೆಂಟರ ಹುಡುಗನನ್ನು ಲೀಗ್‌ನ ಕಟ್ಟುಮಸ್ತಾದ ಆಳುಗಳ ನಡುವೆ ಬಿಟ್ಟರು. ಕೆನಡಾದ ಜೂನಿಯರ್ ಲೀಗ್‌ಗಳಿಂದ ಆಯ್ಕೆಯಾದ ಹುಡುಗರನ್ನು ಇಪ್ಪತ್ತು ತುಂಬುವ ಮುನ್ನ ಕೆಳ ಹಂತದ ಅಮೆರಿಕನ್ ಹಾಕಿ ಲೀಗ್‌ಗೆ ಕಳಿಸಲು ನಿಯಮ ಆಗ ಬಿಡುತ್ತಿರಲಿಲ್ಲ. ಸ್ಲಾಫ್ಕೊವ್‌ಸ್ಕಿ ಬಂದದ್ದು ಫಿನ್‌ಲೆಂಡ್‌ನ ಟಿಪಿಎಸ್ ತಂಡದಿಂದ. ಆತನಿಗೆ ಆ ಅಡ್ಡಿ ಇರಲಿಲ್ಲ. ಕೆನೇಡಿಯನ್ಸ್‌ನ ಕೆಳ ತಂಡ ಇರುವುದು ಪಕ್ಕದ ಲವಾಲ್‌ನಲ್ಲೇ. ಪಂದ್ಯಕ್ಕೆ ಇಪ್ಪತ್ತು ನಿಮಿಷ ಆಡಿ, ತಪ್ಪು ಮಾಡಿ ಕಲಿಯಲು ಅಲ್ಲಿ ಅವಕಾಶವಿತ್ತು. ತಂಡ ಅದನ್ನು ಬಳಸಲಿಲ್ಲ. ಮುಂದೆ ಕೋಚ್ ಮಾರ್ಟಿನ್ ಸೇಂಟ್ ಲೂಯಿ ಆತನನ್ನು ಸುಜುಕಿ, ಕಾಫೀಲ್ಡ್ ಜೊತೆಗೆ ಹಾಕಿ ಕಾದದ್ದರಿಂದ ಹುಡುಗ ಉಳಿದುಕೊಂಡ. 2024ರ ಜುಲೈನಲ್ಲಿ ಎಂಟು ವರ್ಷಗಳಿಗೆ 6.08 ಕೋಟಿ ಡಾಲರ್‌ನ ಒಪ್ಪಂದವೂ ಆಯಿತು. ಕೂಲಿಯನ್ನು ನೋಡಿ: ಆಯ್ಕೆಯಾದ ನಂತರ ಒಂದು ವರ್ಷ ಮಿನೆಸೋಟ ವಿಶ್ವವಿದ್ಯಾಲಯಕ್ಕೆ ಆಡಿ, 39 ಪಂದ್ಯಗಳಲ್ಲಿ 60 ಅಂಕ ಗಳಿಸಿ ಬಂದ. ರೈಟ್‌ನ ಮೊದಲ ವರ್ಷವೋ ಅಲೆಮಾರಿಯ ಬದುಕು. ಸಿಯಾಟಲ್, ಅದರ ಕೆಳ ತಂಡ ಕೋಚೆಲ್ಲಾ ವ್ಯಾಲಿ, ಕೆನಡಾದ ಜೂನಿಯರ್ ತಂಡ, ವಿಂಡ್ಸರ್ ಎಂದು ಅಂಗಿ ಬದಲಿಸಿದ್ದೇ ಬದಲಿಸಿದ್ದು. ಮರುವರ್ಷ ಕೋಚೆಲ್ಲಾ ವ್ಯಾಲಿಯಲ್ಲಿ ನೆಲೆಯಾಗಿ ನಿಲ್ಲಿಸಿದ ಮೇಲೆಯೇ ಆತನ ಆಟ ಕುದುರಿದ್ದು.

ಮಾಂಟ್ರಿಯಲ್‌ಗೆ ಈ ಕಾಯಿಲೆ ಹಳೆಯದು. 2012ರಲ್ಲಿ ಮೂರನೆಯ ಆಯ್ಕೆಯಾಗಿ ಬಂದ ಅಲೆಕ್ಸ್ ಗಾಲ್ಚೆನ್ಯುಕ್ ಒಂದು ಋತುವಿನಲ್ಲಿ 30 ಗೋಲು ಹೊಡೆದವನು. ಆತ ನಡುವಿನ ಸೆಂಟರೋ ಪಕ್ಕದ ವಿಂಗರೋ ಎಂಬುದನ್ನು ತೀರ್ಮಾನಿಸಲಾಗದೆ ಅತ್ತಿಂದಿತ್ತ ಎಳೆದಾಡಿ ಕೊನೆಗೆ ಬೇರೆ ತಂಡಕ್ಕೆ ಬಿಟ್ಟುಕೊಟ್ಟರು. 2018ರಲ್ಲಿ ಮತ್ತೆ ಮೂರನೆಯ ಆಯ್ಕೆ, ಯೆಸ್ಪೆರಿ ಕೊಟ್ಕಾನಿಯೆಮಿ. ಹದಿನೆಂಟಕ್ಕೇ ಮೇಲಿನ ತಂಡದಲ್ಲಿ ಕೂರಿಸಿದರು. ಮೊದಲ ವರ್ಷ 34 ಅಂಕ, ಮರುವರ್ಷ 36 ಪಂದ್ಯಗಳಲ್ಲಿ ಎಂಟೇ ಅಂಕ, ಆಮೇಲೆ ಲವಾಲ್‌ಗೆ. 2021ರಲ್ಲಿ ಕ್ಯಾರೊಲೈನಾ ಹೆಚ್ಚಿನ ಸಂಬಳದ ಆಹ್ವಾನ ಕೊಟ್ಟು ಕರೆದುಕೊಂಡು ಹೋಯಿತು. ನಾಲ್ಕನೆಯವನಾಗಿ ಬ್ರೇಡಿ ಟಕಚಕ್, ಏಳನೆಯವನಾಗಿ ಕ್ವಿನ್ ಹ್ಯೂಸ್ ಸಿಗುತ್ತಿದ್ದರೆಂದು ಆ ಡ್ರಾಫ್ಟ್ ಬಗ್ಗೆ ಜನ ಇಂದಿಗೂ ಹಲುಬುತ್ತಾರೆ. ಅವರಿಬ್ಬರಲ್ಲಿ ಒಬ್ಬರು ಅದೇ ಆತುರದ ಕೈಗಳಿಗೆ ಸಿಕ್ಕಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ನನ್ನನ್ನು ಹೆಚ್ಚು ಕಾಡುತ್ತದೆ.

ಇನ್ನೂ ಹಿಂದಕ್ಕೆ, 1980ಕ್ಕೆ ಹೋಗೋಣ. ಆಗಲೂ ಡ್ರಾಫ್ಟ್ ನಡೆದದ್ದು ಮಾಂಟ್ರಿಯಲ್‌ನಲ್ಲಿ, ಹಳೆಯ ಫೋರಂನಲ್ಲಿ. ಆಗಲೂ ಮೊದಲ ಆಯ್ಕೆ ಮಾಂಟ್ರಿಯಲ್‌ನದೇ. ಊರ ಹುಡುಗ ಡೆನಿ ಸವಾರ್ ಕಣ್ಣೆದುರಿಗೇ ಇದ್ದ. ತಂಡ ಆರಿಸಿದ್ದು ರೆಜೈನಾದ ಡಗ್ ವಿಕನ್‌ಹೈಸರ್‌ನನ್ನು. ಸವಾರ್ ಮೂರನೆಯವನಾಗಿ ಶಿಕಾಗೊಗೆ ಹೋಗಿ ಮೊದಲ ವರ್ಷವೇ 75 ಅಂಕ ಗಳಿಸಿದ. ವಿಕನ್‌ಹೈಸರ್ 41 ಪಂದ್ಯಗಳಲ್ಲಿ 15. ಮಾಂಟ್ರಿಯಲ್‌ನ ಹಳಬರು ಇದನ್ನು ಮಹಾಪ್ರಮಾದವೆಂದು ಇಂದಿಗೂ ಹೇಳುತ್ತಾರೆ. ಆದರೆ ಡ್ರಾಫ್ಟ್‌ಗೆ ಮುಂಚಿನ ಋತುವಿನಲ್ಲಿ ವಿಕನ್‌ಹೈಸರ್ ಜೂನಿಯರ್ ಲೀಗ್‌ನಲ್ಲಿ ಹೊಡೆದದ್ದು 89 ಗೋಲು. ಅಂದು ಕೈಯಲ್ಲಿದ್ದ ಮಾಹಿತಿಯಂತೆ ಆತನ ಆಯ್ಕೆ ಹುಚ್ಚಾಟವಾಗಿರಲಿಲ್ಲ. ಆಮೇಲೆ ಆ ಹುಡುಗನ ಮೇಲೆ ಪ್ರತಿ ರಾತ್ರಿ ಸವಾರ್‌ನ ನೆರಳು ಬಿತ್ತು. 1982-83ರಲ್ಲಿ 25 ಗೋಲು ಹೊಡೆದರೂ ಅದು ಸರಿಯಲಿಲ್ಲ, ಮರು ಋತುವಿನಲ್ಲೇ ಸೇಂಟ್ ಲೂಯಿಸ್‌ಗೆ ಸಾಗಹಾಕಿದರು. 1999ರಲ್ಲಿ, ಮೂವತ್ತೇಳನೆಯ ವಯಸ್ಸಿನಲ್ಲಿ, ಕ್ಯಾನ್ಸರ್‌ನಿಂದ ತೀರಿಕೊಂಡರು. ತನ್ನನ್ನು ತಾನೇ ಮೊದಲನೆಯವನಾಗಿ ಆರಿಸಿಕೊಳ್ಳದ ಒಬ್ಬ ಹುಡುಗ ಆ ಆಯ್ಕೆಯ ಭಾರವನ್ನು ಬದುಕಿಡೀ ಹೊರಬೇಕಾಯಿತು.

ಈಗ 2023. ಇಲ್ಲಿ ನಾನು ಹೆಚ್ಚುಕಡಿಮೆ ನಿಮ್ಮ ಪಕ್ಷ. ಐದನೆಯ ಸರದಿಯಲ್ಲಿ ಮಿಚ್ಕೊವ್ ಲಭ್ಯನಿದ್ದ. ಗೋಲು ಹೊಡೆಯುವ ಸಹಜ ಪ್ರತಿಭೆಯಲ್ಲಿ ಆ ವರ್ಷದ ಡ್ರಾಫ್ಟ್‌ನಲ್ಲಿ ಆತನನ್ನು ಮೀರಿಸುವವರು ಬಹಳ ಮಂದಿ ಇರಲಿಲ್ಲ. ರಷ್ಯಾದ ತಂಡದೊಂದಿಗೆ 2026ರವರೆಗೆ ಒಪ್ಪಂದವಿದ್ದದ್ದು ತಂಡಗಳನ್ನು ಹಿಂಜರಿಸಿತು. ಏಳನೆಯ ಸರದಿಯಲ್ಲಿ ಫಿಲಡೆಲ್ಫಿಯ ಕಾಯಲು ಸಿದ್ಧವಾಯಿತು, ಎರಡು ವರ್ಷ ಮುಂಚೆಯೇ ಆತ ಬಂದ, 2024-25ರಲ್ಲಿ 26 ಗೋಲುಗಳೊಂದಿಗೆ 63 ಅಂಕ ಗಳಿಸಿದ. ಮಾಂಟ್ರಿಯಲ್‌ಗೆ ಬಲಗೈ ಡಿಫೆಂಡರ್‌ನ ಕೊರತೆ ಇತ್ತು, ಅದಕ್ಕಾಗಿ ಸ್ವಿಟ್ಜರ್ಲೆಂಡ್‌ನ ಕ್ಲೋಟನ್ ತಂಡದಲ್ಲಿ ಆಡುತ್ತಿದ್ದ ಆಸ್ಟ್ರಿಯಾದ ರೈನ್‌ಬಾಕರ್‌ನನ್ನು ಆರಿಸಿದರು. ತಂಡ ಗೆಲ್ಲುವ ಕಾಲ ಇನ್ನೂ ದೂರವಿದ್ದಾಗ, ಅಂದಿನ ಕೊರತೆ ನೋಡಿ ಹದಿನೆಂಟರವನನ್ನು ಆರಿಸುವುದು ಸರಿಯಾದ ಕ್ರಮವಲ್ಲ. ಹುಡುಗ ಬೆಳೆದು ಬರುವಷ್ಟರಲ್ಲಿ ಕೊರತೆಯೇ ಬದಲಾಗಿರುತ್ತದೆ. ಇದನ್ನು ನಾನು ಮಿಚ್ಕೊವ್‌ನ ಗೋಲುಗಳನ್ನು ಎಣಿಸಿ ಹೇಳುತ್ತಿಲ್ಲ. ಆತ ಇನ್ನೂ ರಷ್ಯಾದಲ್ಲೇ ಇದ್ದಿದ್ದರೂ ಇದನ್ನೇ ಹೇಳುತ್ತಿದ್ದೆ.

ಆದರೆ ನಿಮ್ಮ ಪತ್ರದಲ್ಲಿ ರೈನ್‌ಬಾಕರ್ ಬಗ್ಗೆ ಬಳಸಿದ ಎರಡು ವಿಶೇಷಣಗಳನ್ನು ನಾನು ಮುದ್ರಿಸುತ್ತಿಲ್ಲ. ಆಯ್ಕೆಯಾದ ದಿನವೇ ಆ ಹುಡುಗನಿಗೆ ಸಾಮಾಜಿಕ ಜಾಲತಾಣಗಳಲ್ಲಿ ಬೈಗುಳದ ಸುರಿಮಳೆಯಾಯಿತು. 2024ರ ಸೆಪ್ಟೆಂಬರ್‌ನಲ್ಲಿ, ಋತು ಶುರುವಾಗುವ ಮುನ್ನ ಆಡಿದ ಪಂದ್ಯವೊಂದರಲ್ಲಿ, ಮೊಣಕಾಲಿಗೆ ದೊಡ್ಡ ಪೆಟ್ಟಾಗಿ ಶಸ್ತ್ರಚಿಕಿತ್ಸೆಯಾಯಿತು. ಅದೂ ಆತನ ತಪ್ಪೇ? ಜನರಲ್ ಮ್ಯಾನೇಜರ್ ಕೆಂಟ್ ಹ್ಯೂಸ್ ಅವರನ್ನು ಎಷ್ಟು ಬೇಕಾದರೂ ಪ್ರಶ್ನಿಸಿ. ಅದಕ್ಕೇ ಅವರಿಗೆ ಸಂಬಳ. ವೇದಿಕೆಗೆ ಕರೆದಾಗ ಎದ್ದು ಹೋದ ಹುಡುಗನನ್ನು ಬಿಟ್ಟುಬಿಡಿ.

ಹ್ಯೂಸ್ ರಷ್ಯಾ ಎಂದರೆ ಹೆದರುತ್ತಾರೆ ಎಂದೂ ಬರೆದಿದ್ದೀರಿ. 2024ರಲ್ಲಿ ಲಾಸ್ ವೇಗಸ್‌ನಲ್ಲಿ ಗಾಯಕಿ ಸೆಲೀನ್ ಡಿಯಾನ್ ವೇದಿಕೆಗೆ ಬಂದು ಮಾಂಟ್ರಿಯಲ್ ಪರವಾಗಿ ಓದಿದ ಹೆಸರು ಇವಾನ್ ಡೆಮಿಡೊವ್. ಆತನೂ ರಷ್ಯಾದವನೇ, ಅದೂ ಐದನೆಯ ಸರದಿಯೇ. ರಷ್ಯಾದ ಲೀಗ್‌ನಲ್ಲಿ 49 ಅಂಕ ಗಳಿಸಿ 2025ರ ಏಪ್ರಿಲ್‌ನಲ್ಲಿ ಬಂದಿಳಿದು, ಮೊದಲ ಪಂದ್ಯದಲ್ಲೇ ಒಂದು ಗೋಲು, ಒಂದು ಅಸಿಸ್ಟ್ ಮಾಡಿದ. ಆ ವಾದವನ್ನು ಕೈಬಿಡುವುದು ಒಳ್ಳೆಯದು.

ಹಟ್ಸನ್ ವಿಷಯದಲ್ಲಿ ನೀವು ಹೇಳದ ಒಂದು ಅಂಶ ನಿಮ್ಮ ವಾದಕ್ಕೇ ಬಲ ಕೊಡುತ್ತದೆ. 2022ರಲ್ಲಿ ಆತ ಆಯ್ಕೆಯಾದದ್ದು 62ನೆಯವನಾಗಿ. ಅದಕ್ಕೂ ಮೊದಲು ಮಾಂಟ್ರಿಯಲ್ ಮೂರು ಸಲ ಬೇರೆಯವರನ್ನು ಆರಿಸಿತ್ತು: 1, 26 ಮತ್ತು 33ನೆಯ ಸರದಿಗಳಲ್ಲಿ. ಎತ್ತರ ಸಾಲದೆಂದು ಎಲ್ಲ ತಂಡಗಳೂ ಹಿಂದೆ ಸರಿದಿದ್ದವು. ತಾನು ಇನ್ನೂ ಬೆಳೆಯುತ್ತೇನೆಂದು ತೋರಿಸಲು ಹುಡುಗ ವೈದ್ಯರ ಪತ್ರ ತಂದಿದ್ದ. ಆಮೇಲೆ ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಎರಡು ಋತು ಆಡಲು ಬಿಟ್ಟರು. 2024-25ರಲ್ಲಿ 60 ಅಸಿಸ್ಟ್‌ಗಳೊಂದಿಗೆ 66 ಅಂಕ ಗಳಿಸಿ, ಹೊಸ ಡಿಫೆಂಡರ್‌ಗಳ ಅಸಿಸ್ಟ್ ದಾಖಲೆಯನ್ನು ಸರಿಗಟ್ಟಿದ. ಈ ತಂಡದ ಕೋಚ್ ಸೇಂಟ್ ಲೂಯಿ ಅವರನ್ನಂತೂ ಅವರ ಆಟದ ದಿನಗಳಲ್ಲಿ ಯಾವ ತಂಡವೂ ಡ್ರಾಫ್ಟ್‌ನಲ್ಲಿ ಆರಿಸಲೇ ಇಲ್ಲ. ಅವರು ಸಾವಿರಕ್ಕೂ ಹೆಚ್ಚು ಅಂಕ ಗಳಿಸಿ ಹಾಲ್ ಆಫ್ ಫೇಮ್ ಸೇರಿದರು.

ಕೊನೆಗೆ 2024-25ರ ಸೋಲು. ಸತತ ನಾಲ್ಕು ಋತುಗಳಲ್ಲಿ ತಂಡದ ಅಂಕ 55, 68, 76, 91. ಕೊನೆಯ ಪಂದ್ಯದಲ್ಲಿ ಕ್ಯಾರೊಲೈನಾವನ್ನು ಸೋಲಿಸಿ ಪ್ಲೇಆಫ್‌ಗೆ ಹೋದರು. ಎದುರಾದದ್ದು 111 ಅಂಕಗಳ ವಾಷಿಂಗ್ಟನ್. ಮೊದಲ ಪಂದ್ಯವನ್ನು ಹೆಚ್ಚುವರಿ ಸಮಯದಲ್ಲಿ ವಾಷಿಂಗ್ಟನ್‌ನ ಒವೆಚ್ಕಿನ್ ಕಸಿದುಕೊಂಡರು. ಬೆಲ್ ಸೆಂಟರ್‌ನಲ್ಲಿ 6-3ರ ಗೆಲುವು ಕಂಡ ನೀವು ಆ ತಂಡವನ್ನು ದಂಡಪಿಂಡ ಎನ್ನಬಾರದು. ಅಲ್ಲಿ ಎದ್ದು ಕಂಡ ನಿಜವಾದ ಕೊರತೆ ಎರಡನೆಯ ಸಾಲಿನ ಸೆಂಟರ್ ಆಟಗಾರನದು. 2022ರ ಡ್ರಾಫ್ಟ್ ರಾತ್ರಿಯಂದೇ ಆ ಜಾಗ ತುಂಬಲೆಂದು ಹದಿಮೂರನೆಯ ಸರದಿಯನ್ನು ಬಿಟ್ಟುಕೊಟ್ಟು ಶಿಕಾಗೊದಿಂದ ಕರ್ಬಿ ಡಾಕ್‌ನನ್ನು ತಂದರು. ಮೊಣಕಾಲಿನ ಪೆಟ್ಟುಗಳಿಂದ ಆತ ಮತ್ತೆಮತ್ತೆ ಹೊರಗುಳಿದ. ಬದಲಿ ವ್ಯವಸ್ಥೆಯನ್ನು ಆಡಳಿತ ಮಾಡಲಿಲ್ಲ. ಹ್ಯೂಸ್ ಅವರನ್ನು ನಾನು ಕಟಕಟೆಯಲ್ಲಿ ನಿಲ್ಲಿಸುವುದಾದರೆ ಈ ಪ್ರಶ್ನೆಯ ಮೇಲೆ ನಿಲ್ಲಿಸುತ್ತೇನೆ. ಕುರ್ಚಿ ಬಿಡುವಷ್ಟು ಅಪರಾಧ ಇದಲ್ಲ, ಉತ್ತರ ಕೊಡಲೇಬೇಕಾದಷ್ಟು ದೊಡ್ಡದು ಹೌದು.

ನನ್ನ ಕಣ್ಣು ಈಗ ಇರುವುದು ರೈನ್‌ಬಾಕರ್ ಮೇಲೆ. ಗಾಯದಿಂದ ಎದ್ದು 2025ರ ಫೆಬ್ರುವರಿಯಲ್ಲಿ ಆತ ಲವಾಲ್ ಪರ ಆಡಲು ಶುರುಮಾಡಿದ. ಆ ತಂಡ ತನ್ನ ಲೀಗ್‌ನ ಪೂರ್ವ ವಿಭಾಗದ ಫೈನಲ್‌ವರೆಗೂ ಹೋಯಿತು. ಆತನಿಗೆ ಅಲ್ಲಿ ಒಂದು ಇಡೀ ಋತು ಸಿಗಬೇಕು. ಮಿಚ್ಕೊವ್‌ನ ಹೆಸರು ಕೂಗುವವರ ಬಾಯಿ ಮುಚ್ಚಿಸಲೆಂದು ಆತನನ್ನು ಅವಸರದಲ್ಲಿ ಮೇಲಕ್ಕೆ ಎಳೆದರೆ, ನಿಮ್ಮ ಮುಂದಿನ ಪತ್ರವನ್ನು ನನ್ನ ಒಪ್ಪಿಗೆಯ ಟಿಪ್ಪಣಿಯೊಂದಿಗೆ ಈ ಪುಟದ ಮೇಲ್ತುದಿಯಲ್ಲೇ ಪ್ರಕಟಿಸುತ್ತೇನೆ.

— ಸಂಪಾದಕ