ಗುಂಡಿಯನ್ನು ಮೊದಲು ಅರ್ಧವೇ ಒತ್ತಿ

ಓದುಗರೊಬ್ಬರ ಪತ್ರ: “ಪಾಯಿಂಟ್ ಆಂಡ್ ಶೂಟ್ ಕ್ಯಾಮೆರಾದಲ್ಲಿ ಫೋಟೊಗ್ರಫಿ ಕಲಿಯಲು ಹೊರಟಿದ್ದೇನೆ. ಕಿಟಕಿಗೆ ಬೆನ್ನು ಹಾಕಿ ಕೂತವರ ಮುಖ ಕಪ್ಪಾಗುತ್ತದೆ. ಸಂಜೆಯ ಚಿತ್ರಗಳು ಅಲುಗಾಡಿರುತ್ತವೆ; ಅವನ್ನೆಲ್ಲ ಅಳಿಸಿಬಿಟ್ಟೆ. ಲೆನ್ಸ್ ಬದಲಿಸುವ ಕ್ಯಾಮೆರಾ ಕೊಳ್ಳಿ ಎನ್ನುತ್ತಾರೆ ಸ್ನೇಹಿತರು. ಏನು ಮಾಡಲಿ?”

ಸಂಪಾದಕರ ಉತ್ತರ: ಸ್ನೇಹಿತರ ಮಾತನ್ನು ತಳ್ಳಿಹಾಕುವುದಿಲ್ಲ. ಹಾರುವ ಹಕ್ಕಿ, ಮಂದ ಬೆಳಕಿನ ನಾಟಕ ನಿಮ್ಮ ಗುರಿಯಾದರೆ ದೊಡ್ಡ ಕ್ಯಾಮೆರಾ ಬೇಕು. ನಿಮ್ಮದರಂಥ ಸಾಮಾನ್ಯ ಕಾಂಪ್ಯಾಕ್ಟ್‌ನಲ್ಲಿ ಬೆಳಕು ಹಿಡಿಯುವ ಸೆನ್ಸರ್ ಸುಮಾರು 6.2×4.6 ಮಿ.ಮೀ, ಫುಲ್ ಫ್ರೇಮ್ ಎಂಬ ದೊಡ್ಡ ಕ್ಯಾಮೆರಾದ್ದು 36×24. ವಿಸ್ತೀರ್ಣದಲ್ಲಿ ಮೂವತ್ತು ಪಟ್ಟು ವ್ಯತ್ಯಾಸ. ಸರಿ, ಅಷ್ಟಕ್ಕೆ ಬಿಡೋಣ. ನೀವು ಕೇಳಿದ್ದು ಕಲಿಯುವುದನ್ನು. ನಿಮ್ಮ ಎರಡೂ ದೂರುಗಳು ದೊಡ್ಡ ಕ್ಯಾಮೆರಾದ ಜತೆಗೂ ಮನೆಗೆ ಬರುತ್ತವೆ.

ಬೆಳಕು ಅಳೆಯುವ ಮೀಟರಿಗೆ ಮುಖ ಯಾವುದು, ಕಿಟಕಿ ಯಾವುದು ಎಂಬ ಅರಿವು ಕಡಿಮೆ. ಕಂಡದ್ದನ್ನೆಲ್ಲ ನಡು ಬೂದುಬಣ್ಣಕ್ಕೆ ತರುವುದೇ ಅದರ ಕಸುಬು. ಪರೀಕ್ಷಿಸಿ ನೋಡಿ: ಫ್ಲಾಶ್ ಬಂದ್ ಮಾಡಿ, ಬಿಳಿ ಗೋಡೆಯೊಂದೇ ಚೌಕಟ್ಟು ತುಂಬುವಂತೆ ಒಂದು ಚಿತ್ರ, ಕಪ್ಪು ಬಟ್ಟೆಯದು ಇನ್ನೊಂದು. ಎರಡೂ ಹೆಚ್ಚುಕಡಿಮೆ ಒಂದೇ ಬೂದುಬಣ್ಣವಾಗಿ ಬರುತ್ತವೆ. ಈಗ ಪ್ಲಸ್-ಮೈನಸ್ ಗುರುತಿನ ಎಕ್ಸ್‌ಪೋಷರ್ (ಚಿತ್ರಕ್ಕೆ ಬೀಳುವ ಬೆಳಕಿನ ಪ್ರಮಾಣ) ತಿದ್ದುಪಡಿಯನ್ನು ಗೋಡೆಗೆ +1, ಬಟ್ಟೆಗೆ -1 ಮಾಡಿ ಮತ್ತೆ ತೆಗೆಯಿರಿ. (ಪೂರ್ತಿ ಆಟೊದಲ್ಲಿ ಇದು ಅನೇಕ ಮಾದರಿಗಳಲ್ಲಿ ಸಿಗುವುದಿಲ್ಲ, ಕೆಲವು ಆಯ್ಕೆ ನಿಮಗೇ ಬಿಡುವ ‘ಪಿ’ ಮೋಡ್ ಇದ್ದರೆ ಅದಕ್ಕೆ ಹೋಗಿ.) ಅದೇ ಕಿಟಕಿ, ಅದೇ ಕುರ್ಚಿ, ಅದೇ ಹೊತ್ತಿನಲ್ಲಿ 0, +1, +2ರ ಮೂರು ಚಿತ್ರ ತೆಗೆದರೆ ಮುಖ ಬೆಳಗುತ್ತ ಕಿಟಕಿ ಸುಣ್ಣವಾಗುವುದು ಕಾಣುತ್ತದೆ. ಕಿಟಕಿಯೂ ಉಳಿಯಬೇಕೆಂದರೆ ಕೂತವರಿಂದ ಎರಡು ಮೀಟರ್ ದೂರದೊಳಗೆ ನಿಂತು, ಹಗಲಾದರೂ ಫ್ಲಾಶ್ ಹಾಕಿ. ದೂರ ಎರಡರಷ್ಟಾದರೆ ಫ್ಲಾಶ್ ಬೆಳಕು ಕಾಲುಭಾಗಕ್ಕಿಳಿಯುತ್ತದೆ. ಸಭಾಂಗಣದ ಕೊನೆಯ ಸಾಲಿನಿಂದ ಅದನ್ನು ಮಿನುಗಿಸುವವರಿಗೆ ಇದನ್ನು ಯಾರಾದರೂ ಹೇಳಬಾರದೇ?

ಗುಂಡಿಯನ್ನು ಅರ್ಧ ಒತ್ತಿ ಹಿಡಿಯುವುದು ಇನ್ನೊಂದು ಉಪಾಯ. ಬಹುಪಾಲು ಕಾಂಪ್ಯಾಕ್ಟ್‌ಗಳಲ್ಲಿ ಫೋಕಸ್, ಎಕ್ಸ್‌ಪೋಷರ್ ಎರಡೂ ಆಗ ಬಿಗಿಯಾಗುತ್ತವೆ. ಕಿಟಕಿಯಿಂದ ಪಕ್ಕಕ್ಕೆ ತಿರುಗಿ, ಮುಖದಷ್ಟೇ ದೂರದ ನೆರಳಿನ ಜಾಗದ ಮೇಲೆ ಅರ್ಧ ಒತ್ತಿ, ಬೆರಳು ಬಿಡದೆ ಮರಳಿ ಚೌಕಟ್ಟು ಕೂಡಿಸಿ ಪೂರ್ತಿ ಒತ್ತಿ. ದೂರ ಬದಲಾದರೆ ಮುಖ ಮಸುಕಾಗುತ್ತದೆ.

ಸಂಜೆಯ ಚಿತ್ರಗಳನ್ನು ಅಳಿಸಿದ್ದು ಮಾತ್ರ ತಪ್ಪು. ಚಿತ್ರ ಮರುನೋಡುವಾಗ ಮಾಹಿತಿಯ ಗುಂಡಿ ಒತ್ತಿದ್ದರೆ ಶಟರ್ ವೇಗ (ಶಟರ್ ತೆರೆದಿದ್ದ ಹೊತ್ತು), ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಎರಡೂ ಸಿಗುತ್ತಿದ್ದವು. 1/8 ಸೆಕೆಂಡ್‌ನಷ್ಟು ದೀರ್ಘ ಎಂದಿದ್ದರೆ ಕೈ ನಡುಗಿದ್ದೋ ಎದುರಿನವರು ಅಲುಗಿದ್ದೋ ಎಂದು ಹುಡುಕಬಹುದಿತ್ತು. ಎಲ್ಲವೂ ಒಂದೇ ದಿಕ್ಕಿಗೆ ಸವರಿದ್ದರೆ ಕೈ. ಗೋಡೆ ಚೊಕ್ಕವಾಗಿದ್ದು ವ್ಯಕ್ತಿ ಮಾತ್ರ ಸವರಿದ್ದರೆ ಅವರೇ. ಕೈಯಾದರೆ ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು ಎರಡು ಸೆಕೆಂಡಿನ ಟೈಮರ್ ಹಾಕಿ. ವ್ಯಕ್ತಿಯಾದರೆ ಮೇಜು ಉಪಯೋಗವಿಲ್ಲ. ಶಟರ್ ಬೇಗ ಮುಚ್ಚುವಂತೆ ಐಎಸ್ಒ ಏರಿಸಿ, ಚಿತ್ರ ಕಾಳುಕಾಳಾದರೂ ಸಹಿಸಿ. ಜೂಮ್ ಎಳೆಯಬೇಡಿ, ಹತ್ತಿರ ನಡೆಯಿರಿ. ಎಳೆದಂತೆ ಲೆನ್ಸಿನ ಬೆಳಕಿನ ಕಿಂಡಿ ಎಫ್/2.8ರಿಂದ ಎಫ್/5.6ಕ್ಕೆ ಕಿರಿದಾದರೆ (ಅಂಕಿ ಹೆಚ್ಚಿದಷ್ಟೂ ಕಿಂಡಿ ಕಿರಿದು) ಸೆನ್ಸರ್‌ಗೆ ಸಿಗುವುದು ಕಾಲುಭಾಗ ಬೆಳಕು; ನಡುಕವೋ ದೊಡ್ಡದಾಗಿ ಕಾಣುತ್ತದೆ.

ಅಮೆರಿಕದ ಹೆಸರಾಂತ ನಿಸರ್ಗ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ 1916ರಲ್ಲಿ, ಹದಿನಾಲ್ಕರ ವಯಸ್ಸಿನಲ್ಲಿ, ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆಯಲ್ಲಿ ಶುರುಮಾಡಿದ್ದು ಕೊಡಾಕ್ ಬ್ರೌನಿ ಎಂಬ ಡಬ್ಬ ಕ್ಯಾಮೆರಾದಿಂದ. 1900ರಲ್ಲಿ ಬ್ರೌನಿ ಮೊದಲು ಮಾರುಕಟ್ಟೆಗೆ ಬಂದಾಗ ಬೆಲೆ ಒಂದು ಡಾಲರ್. ಫೋಕಸ್ ತಿರುಗಿಸಲು ಅದರಲ್ಲಿ ಏನೂ ಇರಲಿಲ್ಲ. ಎಲ್ಲಿ ನಿಲ್ಲಬೇಕು, ಯಾವ ಹೊತ್ತಿಗೆ ಒತ್ತಬೇಕು ಎಂಬುದಷ್ಟೇ ಕೈಯಲ್ಲಿತ್ತು. ನಿಮ್ಮ ಕ್ಯಾಮೆರಾದಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚಿದೆ. ಒಂದು ಸಲಕ್ಕೆ ಒಂದನ್ನೇ ಬದಲಿಸುವುದಾದರೆ ಇಷ್ಟು ಧಾರಾಳ ಸಾಕು.

ಇದನ್ನು ಹೇಳಿಕೊಡಬೇಕಾದ ತಯಾರಕರು ಮಾಡಿದ್ದೇನು? “ನೀವು ಗುಂಡಿ ಒತ್ತಿ, ಉಳಿದದ್ದು ನಮಗೆ ಬಿಡಿ” ಎಂದು ಕೊಡಾಕ್ 1888ರಲ್ಲೇ ಜಾಹೀರಾತು ಹಾಕಿತು. ಆ ಉಳಿದದ್ದರಲ್ಲೇ ಕಲೆಯಿತ್ತು! ಆಮೇಲೆ ಬಂತು ಮೆಗಾಪಿಕ್ಸೆಲ್ ಪೈಪೋಟಿ: ಉಗುರಿನಷ್ಟೂ ಇಲ್ಲದ ಅದೇ ಸೆನ್ಸರ್‌ನಲ್ಲಿ ಇನ್ನಷ್ಟು ಚುಕ್ಕಿ ತುರುಕಿ, ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕುವುದು. ‘ಪಾರ್ಟಿ’, ‘ಸೂರ್ಯಾಸ್ತ’ ಮೋಡ್‌ಗಳು ಮೇಲೆಯೇ ಸಿಗುತ್ತವೆ. ಪ್ಲಸ್-ಮೈನಸ್ ಮಾತ್ರ ಹಲವು ಮಾದರಿಗಳಲ್ಲಿ ಮೆನುವಿನ ಆಳದಲ್ಲಿ. ಡಿಜಿಟಲ್ ಜೂಮ್ ಎಂಬುದಂತೂ ಚಿತ್ರದ ನಡುಭಾಗ ಕತ್ತರಿಸಿ ಹಿಗ್ಗಿಸುವುದಷ್ಟೇ. ಅದೂ ಮೆನುವಿನಲ್ಲೇ ಇರುತ್ತದೆ, ಹುಡುಕಿ ಬಂದ್ ಮಾಡಿಬಿಡಿ.