ಎರಡು ರೇಸ್ ಕಾರು, ಒಂದು ದೊಡ್ಡ ಗಾಡಿ: ಸಿಡಿಎಲ್ ಬೇಕಾ, ಡಿಒಟಿ ನಂಬರ್ ಬೇಕಾ?

ನಮಸ್ಕಾರ ಸರ್. ಸಿಡಿಎಲ್ ಅಂದರೆ ಅಮೆರಿಕದ ವಾಣಿಜ್ಯ ಡ್ರೈವಿಂಗ್ ಲೈಸೆನ್ಸ್, ಡಿಒಟಿ ನಂಬರ್ ಅಂದರೆ ವ್ಯಾಪಾರದ ಗಾಡಿಗೆ ಸಾರಿಗೆ ಇಲಾಖೆ ಕೊಡುವ ನೋಂದಣಿ ಸಂಖ್ಯೆ. ನಿಮ್ಮ ಪ್ರಶ್ನೆ ನನಗೆ ಅರ್ಥವಾದ ಮಟ್ಟಿಗೆ ಇಷ್ಟು: ಮನೆ ಟೆಕ್ಸಾಸ್‌ನ ಡಲ್ಲಾಸ್ ಪಕ್ಕ. ನಿಮ್ಮದೊಂದು, ಸ್ನೇಹಿತರದೊಂದು ಅಂತ ಎರಡು ಸ್ಪೆಕ್ ಮಿಯಾಟಾ ರೇಸ್ ಕಾರು. ಹಳೇ ಫ್ರೈಟ್‌ಲೈನರ್ ಟೋಟರ್‌ಹೋಮ್ (ಒಳಗೆ ಮನೆ ಇರುವ ಲಾರಿ) ಜೊತೆಗೆ 48 ಅಡಿ ಸ್ಟ್ಯಾಕರ್ ಟ್ರೇಲರ್ (ಕಾರುಗಳನ್ನು ಒಂದರ ಮೇಲೊಂದು ನಿಲ್ಲಿಸುವಂಥದ್ದು) ಮಾರಾಟಕ್ಕಿದೆ, ಅದರ ಮೇಲೆ ನಿಮಗೆ ಮನಸ್ಸಾಗಿದೆ. ಆಸ್ಟಿನ್‌ನ ಕೋಟಾ ರೇಸ್ ಟ್ರ್ಯಾಕಿಗೆ ಹೋಗಬೇಕು, ಆಗೊಮ್ಮೆ ಈಗೊಮ್ಮೆ ಜಾರ್ಜಿಯಾದ ರೋಡ್ ಅಟ್ಲಾಂಟಾ ಟ್ರ್ಯಾಕಿಗೂ. ಸ್ನೇಹಿತರು ಸಾಗಣೆಗೆ ಹಣ ಕೊಡ್ತೀನಿ ಅಂದಿದ್ದಾರೆ. ಪರಿಚಯದ ಹೋಟೆಲಿನವರು ಟ್ರೇಲರ್ ಮೇಲೆ ಹೆಸರು ಹಾಕಿಸಿದರೆ ಸ್ಪಾನ್ಸರ್ ಮಾಡ್ತೀನಿ ಅಂದಿದ್ದಾರೆ.

ಇದೇ ಚರ್ಚೆಯಲ್ಲಿ ಮೇಲೆ ಒಬ್ಬರು "ಸ್ವಂತಕ್ಕಾದರೆ ಏನೂ ಬೇಡ" ಅಂದಿದ್ದಾರೆ, ಇನ್ನೊಬ್ಬರು "26 ಸಾವಿರ ಪೌಂಡ್ ದಾಟಿದರೆ ಸಿಡಿಎಲ್ ಕಡ್ಡಾಯ" ಅಂದಿದ್ದಾರೆ. ಎರಡೂ ಅರ್ಧ ಸರಿ. ಇಲ್ಲಿರುವುದು ಎರಡು ಬೇರೆ ಬೇರೆ ಲೆಕ್ಕ. ಗಾಡಿ ಎಷ್ಟು ತೂಕದ್ದು ಅನ್ನುವುದು ಒಂದು, ಯಾವ ಉದ್ದೇಶಕ್ಕೆ ಓಡುತ್ತಿದೆ ಅನ್ನುವುದು ಇನ್ನೊಂದು. ಇವೆರಡನ್ನೂ ಒಂದೇ ಅಂದುಕೊಂಡಾಗಲೇ ತೂಕದ ಸ್ಟೇಷನ್ನಿನಲ್ಲಿ ಗಾಡಿ ನಿಲ್ಲುವುದು.

ಮೊದಲು ತೂಕ. ಪಿಕಪ್ ಆದರೆ ಡ್ರೈವರ್ ಬಾಗಿಲು ತೆಗೆದಾಗ ಕಂಬದ ಮೇಲೆ, ಟ್ರೇಲರ್ ಆದರೆ ಎಡಗಡೆ ಮುಂಭಾಗದಲ್ಲಿ ಒಂದು ಸ್ಟಿಕರ್ ಇರುತ್ತೆ. ಅದರಲ್ಲಿ ಜಿವಿಡಬ್ಲ್ಯೂಆರ್ (ತಯಾರಕರು ನಿಗದಿ ಮಾಡಿದ ಗರಿಷ್ಠ ತೂಕ) ಅಂತ ಬರೆದಿರುವ ಸಂಖ್ಯೆಯೇ ಲೆಕ್ಕಕ್ಕೆ. ನಿಜವಾದ ತೂಕ ಅದಕ್ಕಿಂತ ಹೆಚ್ಚಿದ್ದರೆ ಹೆಚ್ಚಿನದನ್ನೇ ಹಿಡೀತಾರೆ, ಕಡಿಮೆ ಇದ್ದರೆ ನಿಮಗೆ ಯಾವ ಲಾಭವೂ ಇಲ್ಲ. ಟ್ರೇಲರ್ ಖಾಲಿ ಹೋಗುತ್ತಿದ್ದರೂ ಸ್ಟಿಕರಿನ ಸಂಖ್ಯೆ ಬದಲಾಗಲ್ಲ. ಗಾಡಿ, ಟ್ರೇಲರ್ ಎರಡರ ಮೊತ್ತ 26,001 ಪೌಂಡ್ ಮುಟ್ಟಿ, ಅದರಲ್ಲಿ ಟ್ರೇಲರ್ ಒಂದೇ 10,000 ದಾಟಿದರೆ ಅದು ಕ್ಲಾಸ್ ಎ ಅನ್ನುವ ಲೈಸೆನ್ಸ್ ವರ್ಗ. ಎಳೆಯುವ ಗಾಡಿ ಒಂದೇ 26,001 ಅಥವಾ ಹೆಚ್ಚಿದ್ದು, ಟ್ರೇಲರ್ 10,000 ಒಳಗಿದ್ದರೆ ಕ್ಲಾಸ್ ಬಿ. ಸರಿಯಾಗಿ 26,000 ಇದ್ದರೆ ಈ ವರ್ಗಗಳಿಂದ ಆಚೆ, ಒಂದು ಪೌಂಡ್ ಹೆಚ್ಚಾದರೆ ಒಳಗೆ.

ಇನ್ನು ಉದ್ದೇಶ. ಫೆಡರಲ್ ಸಿಡಿಎಲ್ ನಿಯಮ ವ್ಯಾಪಾರಕ್ಕೆ ಓಡುವ ಗಾಡಿಗೆ. ಆ 26,001ಕ್ಕಿಂತ ಕೆಳಗೆ ಇನ್ನೊಂದು ಗೆರೆ ಇದೆ, ಜನ ಮರೆಯುವುದು ಇದನ್ನೇ: ವ್ಯಾಪಾರಕ್ಕೆ ರಾಜ್ಯದ ಗಡಿ ದಾಟುವ ಗಾಡಿ, ಟ್ರೇಲರ್ ಸೇರಿ 10,001 ಪೌಂಡ್ ಇದ್ದರೂ ಸಾಕು, ಡಿಒಟಿ ನಂಬರ್, ಮೆಡಿಕಲ್ ಕಾರ್ಡ್, ಡ್ರೈವಿಂಗ್ ಗಂಟೆಗಳ ಮಿತಿ ಎಲ್ಲ ಅನ್ವಯಿಸುತ್ತೆ. ಅಂದರೆ ಸಿಡಿಎಲ್ ಬೇಡದ ಸಾಮಾನ್ಯ ಪಿಕಪ್ಪೂ ಈ ಬಲೆಗೆ ಬೀಳುತ್ತೆ.

ಹವ್ಯಾಸಿಗಳಿಗೆ ಇರುವ ವಿನಾಯಿತಿ ಫೆಡರಲ್ ಸಾರಿಗೆ ನಿಯಮಾವಳಿಯ 390.3ನೇ ನಿಯಮದಲ್ಲಿದೆ. ವ್ಯಕ್ತಿಯೊಬ್ಬ ತನ್ನ ಸ್ವಂತ ವಸ್ತುವನ್ನು ಅಪರೂಪಕ್ಕೆ, ಹಣ ಪಡೆಯದೆ, ವ್ಯಾಪಾರದ ಉದ್ದೇಶವಿಲ್ಲದೆ ಸಾಗಿಸಿದರೆ ಆ ನಿಯಮಗಳು ಬೇಡ ಅಂತ. ರೇಸಿಗೆ ಕಾರು, ಪ್ರದರ್ಶನಕ್ಕೆ ಕುದುರೆ ಒಯ್ಯುವವರಿಗೆ ಇದು ಹೇಗೆ ಅನ್ವಯ ಅಂತ ಎಫ್‌ಎಂಸಿಎಸ್‌ಎ (ವ್ಯಾಪಾರದ ಗಾಡಿಗಳ ಸುರಕ್ಷತೆ ನೋಡುವ ಫೆಡರಲ್ ಸಂಸ್ಥೆ) ಪ್ರಶ್ನೋತ್ತರ ರೂಪದಲ್ಲಿ ಬಿಡಿಸಿ ಹೇಳಿದೆ. ಬಹುಮಾನದ ಹಣ ಇದ್ದರೂ ಪರವಾಗಿಲ್ಲ, ಆದರೆ ಅದನ್ನು ಸಾಮಾನ್ಯ ಆದಾಯ ಅಂತ ಟ್ಯಾಕ್ಸಿನಲ್ಲಿ ತೋರಿಸಿರಬೇಕು. ರೇಸಿನ ಖರ್ಚನ್ನು ಬಿಸಿನೆಸ್ ಖರ್ಚು ಅಂತ ಕಳೆದಿರಬಾರದು. ಕಂಪನಿ ಸ್ಪಾನ್ಸರ್‌ಶಿಪ್ ಇರಬಾರದು.

ಈಗ ನಿಮ್ಮ ವಿಷಯಕ್ಕೆ ಬನ್ನಿ. ಹೋಟೆಲಿನವರ ದುಡ್ಡು ಬಂದ ದಿನವೇ ಈ ವಿನಾಯಿತಿ ಹೋಯಿತು. ಮೊತ್ತ ಎಷ್ಟು ಅನ್ನುವುದು ಮುಖ್ಯವಲ್ಲ. ಟ್ರೇಲರಿನ ಪಕ್ಕಕ್ಕೆ ನಾಲ್ಕು ಅಡಿ ಲೋಗೋ ಅಂಟಿಸಿಕೊಂಡು "ಇದು ಬರೀ ಹವ್ಯಾಸ" ಅಂದರೆ ಪೊಲೀಸ್ ಅಧಿಕಾರಿ ನಗ್ತಾರೆ ಅಷ್ಟೇ. ಎಲ್‌ಎಲ್‌ಸಿ ಅಂತ ಒಂದು ಕಂಪನಿ ಮಾಡಿ ಡೀಸೆಲ್, ಟಯರ್ ಖರ್ಚನ್ನೆಲ್ಲ ಟ್ಯಾಕ್ಸಿನಲ್ಲಿ ಕಳೆಯಿರಿ ಅಂತ ಮೇಲೆ ಸಲಹೆ ಕೊಟ್ಟವರಿಗೂ ಇದೇ ಉತ್ತರ. ಐಆರ್‌ಎಸ್ (ತೆರಿಗೆ ಇಲಾಖೆ) ಮುಂದೆ ಬಿಸಿನೆಸ್, ಡಿಒಟಿ ಮುಂದೆ ಹವ್ಯಾಸ ಅಂತ ಎರಡು ದೋಣಿಯಲ್ಲಿ ಕಾಲಿಡಲು ಬರಲ್ಲ.

ಸ್ನೇಹಿತರ ಹಣ ಇನ್ನೂ ತೊಡಕು. ಇನ್ನೊಬ್ಬರ ಕಾರನ್ನು ಹಣಕ್ಕೆ ಬೇರೆ ರಾಜ್ಯಕ್ಕೆ ಒಯ್ದರೆ ಅದು ಬಾಡಿಗೆ ಸಾಗಣೆ. ಡಿಒಟಿ ನಂಬರ್ ಜೊತೆಗೆ ಬಾಡಿಗೆ ಸಾಗಣೆಯ ಪ್ರತ್ಯೇಕ ಅನುಮತಿ ಬೇಕು. 10,001 ಪೌಂಡ್ ಮೇಲಿನ ಗಾಡಿಗೆ ಕನಿಷ್ಠ 7,50,000 ಡಾಲರ್ ಲಯಬಿಲಿಟಿ ವಿಮೆ ಬೇಕು. ನಿಮ್ಮ ಮಾಮೂಲಿ ಕಾರಿನ ವಿಮೆಯಲ್ಲಿ ಬಾಡಿಗೆಗೆ ಓಡಿಸಿದರೆ ಕವರ್ ಇಲ್ಲ ಅನ್ನುವ ಷರತ್ತು ಸಾಮಾನ್ಯವಾಗಿ ಇದ್ದೇ ಇರುತ್ತೆ, ತೆಗೆದು ಓದಿ.

ನಮ್ಮ ಗುಂಪಿನಲ್ಲಿ ಎಚ್-1ಬಿ ಕೆಲಸದ ವೀಸಾ ಮೇಲಿರುವವರು ಜಾಸ್ತಿ, ಅದಕ್ಕೇ ಇದನ್ನು ಬಿಡಿಸಿ ಹೇಳ್ತೀನಿ. ಆ ವೀಸಾದಲ್ಲಿ ಕಂಪನಿ ಕೆಲಸ ಬಿಟ್ಟು ಬೇರೆ ದುಡಿಮೆ ಅನಧಿಕೃತ ಉದ್ಯೋಗ. ಸ್ನೇಹಿತರ ಕಾರು ಸಾಗಿಸಿ ವೆನ್ಮೋ ಆ್ಯಪ್‌ನಲ್ಲಿ ಹಣ ಪಡೆದರೆ ಟ್ರಾಫಿಕ್ ದಂಡಕ್ಕಿಂತ ಅದು ದೊಡ್ಡ ತಲೆನೋವು. ಸಿಡಿಎಲ್ ವಿಷಯದಲ್ಲೂ ತೊಂದರೆ ಇದೆ. ಗ್ರೀನ್ ಕಾರ್ಡ್ ಇಲ್ಲದವರಿಗೆ ಕೊಡುವ ನಾನ್-ಡೊಮಿಸೈಲ್ಡ್ ಸಿಡಿಎಲ್ ಅನ್ನು ಎಚ್-2ಎ, ಎಚ್-2ಬಿ, ಇ-2 ವೀಸಾಗಳಿಗೆ ಸೀಮಿತಗೊಳಿಸುವ ನಿಯಮವನ್ನು 2025ರ ಸೆಪ್ಟೆಂಬರ್‌ನಲ್ಲಿ ತಂದರು, ನವೆಂಬರ್‌ನಲ್ಲಿ ನ್ಯಾಯಾಲಯ ತಡೆ ಕೊಟ್ಟಿತು, 2026ರ ಫೆಬ್ರವರಿಯಲ್ಲಿ ಅದನ್ನೇ ಅಂತಿಮ ನಿಯಮವಾಗಿ ಮತ್ತೆ ಹೊರಡಿಸಿದರು. ಹಾಗಾಗಿ ಟ್ರೈನಿಂಗ್ ಸ್ಕೂಲಿಗೆ ಫೀಸ್ ಕಟ್ಟುವ ಮೊದಲು ನಿಮ್ಮ ರಾಜ್ಯದ ಕೌಂಟರಿನಲ್ಲಿ ಇವತ್ತಿನ ಸ್ಥಿತಿ ಕೇಳಿಕೊಳ್ಳಿ. ಊರಲ್ಲಿ ಆರ್‌ಟಿಒದಿಂದ ಪಡೆದ ಹೆವಿ ಲೈಸೆನ್ಸ್ ಇದ್ದರೆ ಅದು ಇಲ್ಲಿ ಲೆಕ್ಕಕ್ಕಿಲ್ಲ. ಕೆನಡಾ, ಮೆಕ್ಸಿಕೊ ಬಿಟ್ಟರೆ ಬೇರೆ ದೇಶದ ವಾಣಿಜ್ಯ ಲೈಸೆನ್ಸನ್ನು ಇಲ್ಲಿ ಒಪ್ಪಲ್ಲ.

ಸರಿ, ಸ್ಪಾನ್ಸರ್ ಬೇಡ, ಬಾಡಿಗೆ ಬೇಡ, ಪೂರ್ತಿ ಸ್ವಂತಕ್ಕೇ ಅಂದುಕೊಳ್ಳೋಣ. ಆಗಲೂ ಲೈಸೆನ್ಸ್ ವಿಚಾರ ಮುಗಿಯಲ್ಲ, ಯಾಕಂದರೆ ಲೈಸೆನ್ಸ್ ವರ್ಗ ರಾಜ್ಯದ ಕೈಯಲ್ಲಿದೆ. ಟೆಕ್ಸಾಸ್‌ನಲ್ಲಿ ಸ್ವಂತಕ್ಕೆ ಓಡಿಸುವ ಆರ್‌ವಿಗೆ (ಮೋಟರ್‌ಹೋಮ್‌ನಂಥ, ಒಳಗೇ ಉಳಿಯಬಹುದಾದ ಗಾಡಿಗೆ) ಸಿಡಿಎಲ್ ಬೇಡ, ಆದರೆ 26,001 ದಾಟಿದರೆ ನಾನ್-ಸಿಡಿಎಲ್ ಕ್ಲಾಸ್ ಎ ಅಥವಾ ಬಿ ಬೇಕೇ ಬೇಕು. ಜೇಬಲ್ಲಿರುವ ಮಾಮೂಲಿ ಕ್ಲಾಸ್ ಸಿ ನಡೆಯಲ್ಲ. ಲಿಖಿತ ಪರೀಕ್ಷೆಯೂ ಇದೆ, ಡ್ರೈವಿಂಗ್ ಪರೀಕ್ಷೆಯೂ ಇದೆ, ಆ ವರ್ಗದ ಗಾಡಿಯನ್ನು ನೀವೇ ಒಯ್ಯಬೇಕು. ಒಯ್ಯುವಾಗ ಪಕ್ಕದಲ್ಲಿ ಅದೇ ವರ್ಗದ ಲೈಸೆನ್ಸ್ ಇದ್ದವರು ಕೂತಿರಬೇಕು, ಇದನ್ನು ಮೊದಲೇ ಹೊಂದಿಸಿಕೊಳ್ಳಿ. ಬೇರೆ ರಾಜ್ಯದವರು: ನ್ಯೂಯಾರ್ಕ್‌ನಲ್ಲಿ 26,000 ಮೇಲಿನ ಆರ್‌ವಿಗೆ ಲೈಸೆನ್ಸ್ ಮೇಲೆ ಆರ್ ಎಂಡಾರ್ಸ್‌ಮೆಂಟ್ ಅನ್ನುವ ಹೆಚ್ಚುವರಿ ಅನುಮತಿ. ಕ್ಯಾಲಿಫೋರ್ನಿಯಾದಲ್ಲಿ 10,000 ಪೌಂಡ್ ಮೇಲಿನ ಟ್ರಾವೆಲ್ ಟ್ರೇಲರಿಗೆ, 15,000 ಮೇಲಿನ ಫಿಫ್ತ್ ವೀಲ್ (ಎಳೆಯುವ ಗಾಡಿಯ ಬೆನ್ನಿನ ಮೇಲೆ ಕೂರುವ ತಟ್ಟೆಯಂಥ ಕೊಂಡಿ) ಟ್ರಾವೆಲ್ ಟ್ರೇಲರಿಗೆ ನಾನ್-ಕಮರ್ಷಿಯಲ್ ಕ್ಲಾಸ್ ಎ.

ಆರ್‌ವಿ ಅನ್ನುವುದು ನೀವು ಹೇಳಿದ್ದರಿಂದ ಆಗಲ್ಲ, ಟೈಟಲ್‌ನಲ್ಲಿ (ಗಾಡಿಯ ಮಾಲೀಕತ್ವದ ಪತ್ರದಲ್ಲಿ) ಇರಬೇಕು. ಟೋಟರ್‌ಹೋಮ್ ಅಂದರೆ ಲಾರಿ ಚಾಸಿಸ್ ಮೇಲೆ ಮನೆ ಕಟ್ಟಿದ್ದು. ಕೆಲವನ್ನು ಮೋಟರ್‌ಹೋಮ್ ಅಂತ ಟೈಟಲ್ ಮಾಡಿಸಿರುತ್ತಾರೆ, ಇನ್ನು ಕೆಲವು ಟ್ರಕ್ ಅಂತಲೇ ಉಳಿದಿರುತ್ತವೆ. ಬರೀ ಮಂಚ ಇರುವ ಸ್ಲೀಪರ್ ಕ್ಯಾಬ್ ಮೋಟರ್‌ಹೋಮ್ ಅಲ್ಲ. ಟ್ರಕ್ ಅಂತ ಇರುವ ಟೈಟಲನ್ನು ಕೊಂಡಮೇಲೆ ಬದಲಾಯಿಸಬಹುದು ಅಂತ ಮಾರುವವರು ಹೇಳಿದರೆ, ಅವರೇ ಬದಲಾಯಿಸಿ ಕೊಡಲಿ ಅನ್ನಿ.

ಉದ್ದದ ಲೆಕ್ಕವೂ ಇಲ್ಲೇ ಸಿಕ್ಕಿಬೀಳುತ್ತೆ. ತಾನು ಸರಕು ಹೊರದ, ಬರೀ ಎಳೆಯುವ ಟ್ರ್ಯಾಕ್ಟರ್ ಆದರೆ ರಾಷ್ಟ್ರೀಯ ಜಾಲದ ಹೆದ್ದಾರಿಗಳಲ್ಲಿ ಟ್ರೇಲರಿನ ಉದ್ದವನ್ನಷ್ಟೇ ನೋಡ್ತಾರೆ, ಒಟ್ಟು ಉದ್ದಕ್ಕೆ ಮಿತಿ ಇಲ್ಲ. ಅದೇ ಗಾಡಿಗೆ ಹಿಂದೆ ಸಾಮಾನಿನ ಗ್ಯಾರೇಜ್ ಇದ್ದರೆ, ಅಥವಾ ಅದು ಮೋಟರ್‌ಹೋಮ್ ಆದರೆ, ರಾಜ್ಯದ ಒಟ್ಟು ಉದ್ದದ ಮಿತಿ ಬರುತ್ತೆ. ಬಹಳ ಕಡೆ ಅದು 65 ಅಡಿ. 48 ಅಡಿ ಟ್ರೇಲರಿಗೆ ನಿಮ್ಮ ಟೋಟರ್‌ಹೋಮ್ ಸೇರಿಸಿದರೆ 65ರಲ್ಲಿ ನಿಲ್ಲುವ ಸಾಧ್ಯತೆ ಕಡಿಮೆ. ಮುಂದಿನ ಬಂಪರಿನಿಂದ ಹಿಂದಿನ ಬಂಪರಿನವರೆಗೆ ಟೇಪ್ ಹಿಡಿದು ಅಳೆಯಿರಿ, ಹೋಗುವ ದಾರಿಯ ಪ್ರತಿ ರಾಜ್ಯದ ಮಿತಿ ನೋಡಿಕೊಳ್ಳಿ. ರೇಸ್ ಟ್ರೇಲರುಗಳಿಗೆ ಒಂದು ಒಳ್ಳೆ ಸುದ್ದಿಯೂ ಇದೆ: ಮುಖ್ಯವಾಗಿ ಮೋಟರ್‌ಸ್ಪೋರ್ಟ್ಸ್ ಸ್ಪರ್ಧೆಗೆ ಬಳಸುವ ಟ್ರೇಲರಿಗೆ, ಕಿಂಗ್‌ಪಿನ್‌ನಿಂದ (ಟ್ರೇಲರನ್ನು ಗಾಡಿಗೆ ಸಿಕ್ಕಿಸುವ ಗೂಟದಿಂದ) ಹಿಂದಿನ ಆಕ್ಸಲ್ ಮಧ್ಯದವರೆಗೆ 46 ಅಡಿಗಿಂತ ಕಡಿಮೆ ಮಿತಿಯನ್ನು ಯಾವ ರಾಜ್ಯವೂ ಹೇರುವಂತಿಲ್ಲ ಅಂತ ಫೆಡರಲ್ ಕಾನೂನಿದೆ. ಸ್ಟ್ಯಾಕರುಗಳ ಚಕ್ರ ತೀರ ಹಿಂದಿರುವುದರಿಂದ ಇದು ಬಂತು. ಅಗಲ ಎಂಟೂವರೆ ಅಡಿ. ಎತ್ತರಕ್ಕೆ ಹದಿಮೂರೂವರೆ ಅಡಿ ಅಂತ ಇಟ್ಟುಕೊಂಡರೆ ಕ್ಷೇಮ, ಚಾವಣಿಯ ಎಸಿ ಸೇರಿಸಿ ಅಳೆಯಿರಿ.

ನನ್ನ ಅಭಿಪ್ರಾಯ ಕೇಳಿದರೆ ಎರಡು ಮಿಯಾಟಾಗೆ ಸ್ಟ್ಯಾಕರ್ ಬೇಡವೇ ಬೇಡ. ಒಂದೊಂದು ಕಾರು ಸುಮಾರು 13 ಅಡಿ, 2,400 ಪೌಂಡ್ ಆಸುಪಾಸು. ಒಂದರ ಹಿಂದೊಂದು ನಿಲ್ಲಿಸಿದರೆ 32ರಿಂದ 34 ಅಡಿಯ ಮುಚ್ಚಿದ ಗೂಸ್‌ನೆಕ್ (ಪಿಕಪ್ ಬೆನ್ನಿನ ಮೇಲೆ ಕೊಂಡಿ ಕೂರುವ) ಟ್ರೇಲರ್ ಸಾಕು. ಖಾಲಿ ಟ್ರೇಲರ್ ಏಳರಿಂದ ಎಂಟು ಸಾವಿರ, ಕಾರುಗಳು 4,800, ಟಯರು ಟೂಲ್ಸ್ ಒಂದು ಸಾವಿರ. ಹಾಗಾಗಿ 14,000 ರೇಟಿಂಗಿನ ಟ್ರೇಲರಿನಲ್ಲಿ ಕೂರುತ್ತೆ. ಅದನ್ನು ಎಳೆಯಲು ಡ್ಯೂಯಲಿ (ಹಿಂದೆ ಜೋಡಿ ಚಕ್ರದ ಪಿಕಪ್) ತಗೊಂಡರೆ 14,000 ಮತ್ತು 14,000, ಒಟ್ಟು 28,000, ಮತ್ತೆ ಕ್ಲಾಸ್ ಎ. ಹಿಂದೆ ಒಂಟಿ ಚಕ್ರದ, 11,500 ರೇಟಿಂಗಿನ ಒನ್-ಟನ್ ಪಿಕಪ್ ತಗೊಂಡರೆ ಮೊತ್ತ 25,500. ಕ್ಲಾಸ್ ಸಿ ಸಾಕು. ಆದರೆ ಗೂಸ್‌ನೆಕ್‌ನಲ್ಲಿ ಟ್ರೇಲರ್ ತೂಕದ ಶೇ 20ರಿಂದ 25 ಪಿಕಪ್ ಬೆನ್ನಿನ ಮೇಲೆ ಬರುತ್ತೆ, ಅಂದರೆ ಸುಮಾರು ಮೂರು ಸಾವಿರ ಪೌಂಡ್. ನಿಮ್ಮ ಪಿಕಪ್ಪಿನ ಪೇಲೋಡ್‌ನಲ್ಲಿ (ಅದು ಹೊರಬಹುದಾದ ಭಾರದಲ್ಲಿ) ಅಷ್ಟು ಜಾಗ ಇದೆಯಾ ನೋಡಿ, ಒಳಗೆ ಕೂರುವ ಜನರನ್ನೂ ಅದರಲ್ಲೇ ಕಳೆಯಬೇಕು. ಪೂರ್ತಿ ತುಂಬಿ ಟ್ರಕ್ ಸ್ಟಾಪಿನ ಕ್ಯಾಟ್ ಸ್ಕೇಲ್ ಮೇಲೆ ಒಮ್ಮೆ, ಟ್ರೇಲರ್ ಕಳಚಿ ಬರೀ ಪಿಕಪ್ಪನ್ನು ಇನ್ನೊಮ್ಮೆ ತೂಗಿಸಿ. ಮೊದಲ ಚೀಟಿಯಲ್ಲಿ ಪಿಕಪ್ಪಿನ ಎರಡು ಆಕ್ಸಲ್‌ಗಳ ಮೊತ್ತದಿಂದ ಎರಡನೇ ಚೀಟಿಯ ತೂಕ ಕಳೆದರೆ ಬೆನ್ನಿನ ಮೇಲೆ ಬಿದ್ದ ಭಾರ ಗೊತ್ತಾಗುತ್ತೆ.

ಇಲ್ಲ, ಸ್ಪಾನ್ಸರ್ ಬೇಕೇ ಬೇಕು, ದೊಡ್ಡ ಗಾಡಿಯೇ ಬೇಕು ಅಂದರೆ ಪೂರ್ತಿ ದಾರಿ ಹಿಡಿಯಿರಿ, ಅದೇನು ಅಸಾಧ್ಯವಲ್ಲ. 2022ರ ಫೆಬ್ರವರಿ 7ರಿಂದ ಮೊದಲ ಸಲ ಕ್ಲಾಸ್ ಎ ತಗೊಳ್ಳುವವರಿಗೆ ನೋಂದಾಯಿತ ಕಡೆ ತರಬೇತಿ ಕಡ್ಡಾಯ. ಪರೀಕ್ಷೆಗೆ ಒಯ್ಯುವ ಗಾಡಿ ಎಚ್ಚರದಿಂದ ಆರಿಸಿ. ಆಟೋಮ್ಯಾಟಿಕ್‌ನಲ್ಲಿ ಕೊಟ್ಟರೆ ಲೈಸೆನ್ಸ್ ಮೇಲೆ ಇ ನಿರ್ಬಂಧ (ಗೇರ್ ಬದಲಿಸುವ ಗಾಡಿ ಓಡಿಸುವಂತಿಲ್ಲ), ಫಿಫ್ತ್ ವೀಲ್ ಇಲ್ಲದ ಟ್ರೇಲರಿನಲ್ಲಿ ಕೊಟ್ಟರೆ ಒ, ಏರ್ ಬ್ರೇಕ್ ಇಲ್ಲದ ಗಾಡಿಯಲ್ಲಿ ಕೊಟ್ಟರೆ ಎಲ್. ಪಿಕಪ್ ಮತ್ತು ಗೂಸ್‌ನೆಕ್‌ನಲ್ಲಿ ಪಾಸಾಗಿ ಬಂದರೆ ಆ ಫ್ರೈಟ್‌ಲೈನರ್ ಓಡಿಸಲು ಆಗಲ್ಲ. ಏರ್ ಬ್ರೇಕ್ ತಪಾಸಣೆಯಲ್ಲಿ ಒಂದು ಹಂತ ಬಿಟ್ಟರೂ ಪರೀಕ್ಷೆ ಅಲ್ಲಿಗೇ ಮುಗೀತು. ಎಂಜಿನ್ ನಿಲ್ಲಿಸಿ, ಪೆಡಲ್ ಒತ್ತಿ ಹಿಡಿದಾಗ ಟ್ರೇಲರ್ ಸಮೇತ ಗಾಳಿಯ ಒತ್ತಡ ನಿಮಿಷಕ್ಕೆ 4 ಪಿಎಸ್‌ಐಗಿಂತ ಹೆಚ್ಚು ಇಳಿಯಬಾರದು. ಪೆಡಲ್ ಪಂಪ್ ಮಾಡುತ್ತಾ ಹೋದಂತೆ 55 ಪಿಎಸ್‌ಐಗೆ ಇಳಿಯುವ ಮೊದಲೇ ಎಚ್ಚರಿಕೆಯ ಬಜರ್ ಬರಬೇಕು. ಇನ್ನೂ ಪಂಪ್ ಮಾಡಿದರೆ 45ರಿಂದ 20ರ ನಡುವೆ ಪಾರ್ಕಿಂಗ್ ಬ್ರೇಕಿನ ಗುಂಡಿ ತಾನೇ ಹೊರಗೆ ಚಿಮ್ಮಬೇಕು.

ವ್ಯಾಪಾರದ ಲೆಕ್ಕಕ್ಕೆ ಬಂದಮೇಲೆ 14 ಗಂಟೆಗಳ ಒಳಗೆ 11 ಗಂಟೆಯಷ್ಟೇ ಡ್ರೈವಿಂಗ್, ಅದಕ್ಕೆ ಮುಂಚೆ 10 ಗಂಟೆ ಬಿಡುವು. ಶನಿವಾರ ಇಡೀ ದಿನ ತಂಡದ ಕಾರು ರಿಪೇರಿ ಮಾಡಿ ಆ ರಾತ್ರಿಯೇ ಹೊರಟರೆ ಆ ಕೆಲಸದ ಗಂಟೆಗಳೂ 14ರಲ್ಲಿ ಸೇರುತ್ತವೆ. ರೇಸ್ ತಂಡಗಳು ಜಾರುವುದು ಇಲ್ಲೇ. ಯಾವುದೇ 30 ದಿನಗಳಲ್ಲಿ 8 ದಿನಕ್ಕಿಂತ ಹೆಚ್ಚು ಈ ಗಂಟೆಗಳ ಲಾಗ್ ಬರೆಯುವ ಅಗತ್ಯ ಬೀಳದಿದ್ದರೆ ಎಲೆಕ್ಟ್ರಾನಿಕ್ ಲಾಗ್ ಯಂತ್ರ ಬೇಡ, ಕಾಗದದ ಲಾಗ್ ನಡೆಯುತ್ತೆ. ಗಾಡಿಯ ತೆರಿಗೆಯ ತೂಕ 55,000 ಪೌಂಡ್ ಮುಟ್ಟಿದರೆ 2290 ಫಾರ್ಮಿನಲ್ಲಿ ಕಟ್ಟುವ ಭಾರೀ ಗಾಡಿಯ ಹೆದ್ದಾರಿ ತೆರಿಗೆ. ವ್ಯಾಪಾರಕ್ಕೆ ರಾಜ್ಯ ದಾಟುವ 26,000 ಮೇಲಿನ ಗಾಡಿಗೆ ಇಫ್ಟಾ (ರಾಜ್ಯಗಳ ನಡುವಿನ ಇಂಧನ ತೆರಿಗೆ), ಐಆರ್‌ಪಿ (ರಾಜ್ಯಗಳ ನಡುವಿನ ನೋಂದಣಿ).

ಇನ್ನು ಯಾವ ಗಾಡಿಗಾದರೂ ಬೇಕಾಗುವ ಮಾತು. ಕಾರು ಕಟ್ಟಲು ಮುಂದೆ ಎರಡು, ಹಿಂದೆ ಎರಡು ಸ್ಟ್ರಾಪ್. ಎರಡಿಂಚಿನ ಒಳ್ಳೆ ಸ್ಟ್ರಾಪಿನ ಕೆಲಸದ ಮಿತಿ 3,333 ಪೌಂಡ್. ಟ್ರೇಲರಿನಿಂದ ಕಾರಿಗೆ ನೇರ ಕಟ್ಟಿದಾಗ ಅದರ ಅರ್ಧ ಮಾತ್ರ ಎಣಿಸ್ತಾರೆ, ನಾಲ್ಕು ಸೇರಿ ಸುಮಾರು 6,600. ಬೇಕಾಗಿರುವುದು ಕಾರಿನ ತೂಕದ ಅರ್ಧ, 1,200. ಸ್ಟ್ರಾಪ್ ಸಾಕಷ್ಟು ಗಟ್ಟಿ, ಸೋಲುವುದು ನೆಲದ ಉಂಗುರ. ಪ್ಲೈವುಡ್‌ಗೆ ಬರೀ ಸ್ಕ್ರೂ ಹಾಕಿದ ಉಂಗುರ ಬ್ರೇಕ್ ಹಿಡಿದ ಕ್ಷಣ ಕಿತ್ತು ಬರುತ್ತೆ, ಕೆಳಗಿನ ಕ್ರಾಸ್‌ಮೆಂಬರ್‌ಗೆ ಬೋಲ್ಟ್ ಆಗಿರಬೇಕು. ಬ್ರೇಕ್‌ಅವೇ ಕೇಬಲನ್ನು (ಟ್ರೇಲರ್ ಕಳಚಿದರೆ ಅದರ ಬ್ರೇಕ್ ಹಿಡಿಸುವ ತಂತಿ) ಸೇಫ್ಟಿ ಚೈನಿಗೆ ಸಿಕ್ಕಿಸಬೇಡಿ, ಪಿಕಪ್ಪಿನ ಫ್ರೇಮಿಗೇ ಕಟ್ಟಿ. ಟ್ರೇಲರ್ ಕಳಚಿಕೊಂಡರೆ ಅದರ ಬ್ರೇಕು 15 ನಿಮಿಷವಾದರೂ ಹಿಡಿದಿರಬೇಕು, ಆ ಪುಟ್ಟ ಬ್ಯಾಟರಿ ಸತ್ತಿದ್ದರೆ ಹಿಡಿಯಲ್ಲ. ಚಕ್ರ ಬಿಚ್ಚಿ ಹಾಕಿದ ಮೇಲೆ 10, 25, 50 ಮೈಲಿಗೆ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಮತ್ತೆ ನೋಡಿ. ಪೆಟ್ರೋಲ್ 8 ಗ್ಯಾಲನ್ ಒಳಗಿನ, ಡಿಒಟಿ ಒಪ್ಪಿದ ಕ್ಯಾನುಗಳಲ್ಲಿ ಇರಲಿ. ಪ್ಯಾಡಕ್‌ನಲ್ಲಿ ಎಲ್ಲರ ಕೈಲೂ ಕಾಣುವ ಚೌಕದ ಪ್ಲಾಸ್ಟಿಕ್ ಜಗ್ ರಸ್ತೆಗಲ್ಲ. ವ್ಯಾಪಾರದ ಗಾಡಿಯಲ್ಲಿ ರೇಸ್ ಫ್ಯೂಯಲ್‌ನ ಇಡೀ ಡ್ರಮ್ ಒಯ್ದರೆ ಸಣ್ಣ ಪ್ರಮಾಣದ ರಿಯಾಯಿತಿ ಹೋಗಿ ಹಜ್ಮಟ್ (ಅಪಾಯಕಾರಿ ವಸ್ತು) ಕಾಗದಪತ್ರ ಬೇಕಾಗುತ್ತೆ.

ಮುಂಗಡ ಕೊಡುವ ಮೊದಲು ಮಾರುವವರಿಂದ ಮೂರು ಫೋಟೋ ತರಿಸಿ: ಟೈಟಲ್, ಗಾಡಿಯ ತೂಕದ ಸ್ಟಿಕರ್, ಟ್ರೇಲರಿನ ಸ್ಟಿಕರ್. ವಿಐಎನ್ (ಗಾಡಿಯ ಗುರುತಿನ ಸಂಖ್ಯೆ) ಮುಚ್ಚಿ ಇಲ್ಲಿ ಹಾಕಿದರೆ ಯಾವ ವರ್ಗಕ್ಕೆ ಬರುತ್ತೆ ಅಂತ ಕೂಡಿಸಿ ನೋಡೋಣ.