ಪ್ರಾಜೆಕ್ಟ್‌ಗೆ ಚಿಪ್‌ನ ವೇಗ ಅಂದಾಜು ಮಾಡೋಕೆ ಕ್ಯಾಕ್ಟಿ (CACTI) ಸಾಫ್ಟ್‌ವೇರ್ ಬಳಸಲಾ, ಬ್ಯಾಕ್‌ಪ್ಯಾಕ್ (BACPAC) ಸಾಫ್ಟ್‌ವೇರ್ ಬಳಸಲಾ? ಯಾವುದು ಹೆಚ್ಚು ನಿಖರ?

ನಾನೂ ಮಂಡ್ಯದಿಂದ ಮೈಸೂರಿನ ಕಾಲೇಜಿಗೆ ಪ್ಯಾಸೆಂಜರ್ ರೈಲಲ್ಲಿ ಓಡಾಡುತ್ತಾ ಇದೇ ಪ್ರಶ್ನೆ ತಲೆಗೆ ಹಚ್ಚಿಕೊಂಡಿದ್ದವನು. ಕೊನೆಗೆ ಎರಡನ್ನೂ ಬಿಟ್ಟು ಪೈಥಾನ್‌ನಲ್ಲಿ ನನ್ನದೇ ಪ್ರೋಗ್ರಾಂ ಬರೆದೆ. ಟ್ರಾನ್ಸಿಸ್ಟರ್ ಲೆಕ್ಕ ಚೆನ್ನಾಗಿಯೇ ಬಂತು. ಕೈಕೊಟ್ಟಿದ್ದು ಚಿಪ್‌ನೊಳಗೆ ಅವನ್ನು ಜೋಡಿಸುವ ತಂತಿ.

ರೆಸಿಸ್ಟಿವಿಟಿ (ವಸ್ತು ಕರೆಂಟಿಗೆ ಎಷ್ಟು ಅಡ್ಡಿ ಮಾಡುತ್ತೆ ಅನ್ನೋ ಅಳತೆ) ಅನ್ನೋ ಜಾಗದಲ್ಲಿ ಪಿಯುಸಿ ಪುಸ್ತಕದ ತಾಮ್ರದ ಸಂಖ್ಯೆಯನ್ನೇ, 1.7 ಮೈಕ್ರೋ ಓಮ್ ಸೆಂಟಿಮೀಟರ್, ಹಾಕಿಬಿಟ್ಟೆ. ಅದು ದಪ್ಪ ತಾಮ್ರಕ್ಕೆ ಸರಿ. ನನ್ನ ತಂತಿಯ ಅಗಲ 50 ನ್ಯಾನೋಮೀಟರ್. ತಾಮ್ರದೊಳಗೆ ಎಲೆಕ್ಟ್ರಾನ್ ಎಲ್ಲೂ ಡಿಕ್ಕಿ ಹೊಡೆಯದೆ ಸಾಗೋದು ಸರಾಸರಿ 39 ನ್ಯಾನೋಮೀಟರ್. ತಂತಿಯ ಅಗಲವೇ ಅದರ ಹತ್ತಿರಕ್ಕೆ ಬಂದಾಗ, ಇಕ್ಕಟ್ಟು ಓಣಿಗೆ ನುಗ್ಗಿದ ಕಬ್ಬಿನ ಗಾಡಿ ಹಾಗೆ ಎರಡೂ ಗೋಡೆಗೆ ತಾಗುತ್ತಾ ಹೋಗುತ್ತೆ. ತಾಮ್ರದ ಹರಳುಗಳ ಗಡಿಯಲ್ಲೂ ಚದುರುತ್ತೆ. ತಾಮ್ರ ಹೊರಗೆ ಹರಡದಿರಲಿ ಅಂತ ಹಾಕುವ ಟ್ಯಾಂಟಲಮ್ ಲೇಪ ಬೇರೆ ಆ 50ರಲ್ಲೇ ಜಾಗ ತಿನ್ನುತ್ತೆ. ಚಿಪ್ ಕಾದರೆ ಡಿಗ್ರಿಗೆ ಸುಮಾರು 0.4% ರೆಸಿಸ್ಟೆನ್ಸ್ ಏರುತ್ತೆ. ಎಲ್ಲ ಸೇರಿ ನಾನು ಹಾಕಿದ್ದರ ಎರಡು ಪಟ್ಟಿಗೂ ಮೇಲೆ! ಮೊದಲೇ ತಂತಿಯ ಉದ್ದ ದುಪ್ಪಟ್ಟಾದರೆ ರೆಸಿಸ್ಟೆನ್ಸೂ ಕೆಪಾಸಿಟೆನ್ಸೂ (ಚಾರ್ಜ್ ಹಿಡಿದಿಡುವ ಗುಣ) ದುಪ್ಪಟ್ಟಾಗಿ ಡಿಲೇ, ಅಂದರೆ ಸಿಗ್ನಲ್ ತಲುಪೋಕೆ ಹಿಡಿಯುವ ಹೊತ್ತು, ನಾಲ್ಕು ಪಟ್ಟಾಗುತ್ತೆ. ಉದ್ದ ತಂತಿಯ ನಡುವೆ ಎಲ್ಲೆಲ್ಲಿ ರಿಪೀಟರ್ (ಸಿಗ್ನಲ್‌ಗೆ ಮತ್ತೆ ಬಲ ಕೊಡುವ ಸರ್ಕ್ಯೂಟ್) ಬೇಕು ಅನ್ನೋ ಲೆಕ್ಕ ಪೂರ್ತಿ ನಿಂತಿದ್ದು ಆ ಒಂದು ಸಂಖ್ಯೆಯ ಮೇಲೆ.

ಬೆಂಗಳೂರಲ್ಲಿ ಇಂಟರ್ನ್‌ಶಿಪ್ ಇಂಟರ್‌ವ್ಯೂನಲ್ಲಿ ಮೇಡಂ ಒಬ್ಬರು ರಿಪೋರ್ಟ್ ತಿರುವಿ, "ತಂತಿ ಎಷ್ಟು ಅಗಲ?" ಅಂದರು. ಹೇಳಿದೆ. "ರೆಸಿಸ್ಟಿವಿಟಿ?" ಅದನ್ನೂ ಹೇಳಿದೆ. ಇಂಟರ್ನ್‌ಶಿಪ್ ಸಿಗಲಿಲ್ಲ.

ಅದಕ್ಕೇ, ಯಾವುದು ನಿಖರ ಅನ್ನೋ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಲೇಔಟ್, ಅಂದರೆ ಚಿಪ್‌ನ ನಕ್ಷೆ, ಇನ್ನೂ ಇಲ್ಲದಾಗ ಅಂದಾಜು ಹೇಳೋಕೆ ಇರುವ ಸಾಫ್ಟ್‌ವೇರ್ ಇವು. ನೀವು ತುಂಬಿದ ಪ್ಯಾರಾಮೀಟರ್ ಎಷ್ಟು ಸರಿಯೋ ಉತ್ತರವೂ ಅಷ್ಟೇ ಸರಿ. ಬ್ಯಾಕ್‌ಪ್ಯಾಕ್ 1990ರ ದಶಕದ ಕೊನೆಯಲ್ಲಿ ಬರ್ಕ್ಲಿಯಲ್ಲಿ ಇಡೀ ಚಿಪ್‌ಗೆ ಅಂತ ಮಾಡಿದ್ದು, ಈಗ ಬಹಳ ಹಳೆಯದು. ಕ್ಯಾಕ್ಟಿ ಹುಟ್ಟಿದ್ದೇ ಕ್ಯಾಷ್ ಮೆಮೊರಿಗೆ (ಪ್ರೊಸೆಸರ್‌ನ ಪಕ್ಕದ ಚಿಕ್ಕ, ವೇಗದ ಮೆಮೊರಿ). ನಿಮ್ಮದು ಮೆಮೊರಿ ಪ್ರಾಜೆಕ್ಟ್ ಆದರೆ ಅದನ್ನೇ ಹಿಡಿಯಿರಿ. ಅದರ ಕಾನ್ಫಿಗ್ ಫೈಲ್‌ನಲ್ಲಿ ತಂತಿಗೆ ಅಗ್ರೆಸಿವ್ (ಒಳ್ಳೆಯದನ್ನೇ ನಿರೀಕ್ಷಿಸುವ), ಕನ್ಸರ್ವೇಟಿವ್ (ಎಚ್ಚರಿಕೆಯ) ಅಂತ ಎರಡು ಆಯ್ಕೆ ಇದೆ, ಎರಡರಲ್ಲೂ ಓಡಿಸಿ. ಉತ್ತರ ಎಷ್ಟು ಅಲ್ಲಾಡುತ್ತೆ ಅನ್ನೋದೇ ನಿಮ್ಮ ರಿಪೋರ್ಟಿನ ಮುಖ್ಯ ಪುಟ ಆಗಬೇಕು. ಮೆಮೊರಿ ಅಲ್ಲವೇ? ಸ್ವಂತ ಬರೆಯಿರಿ, ಹೆದರಬೇಡಿ. ಆದರೆ ಪ್ರತಿ ಪ್ಯಾರಾಮೀಟರ್ ಪಕ್ಕ ಅದು ಎಷ್ಟು ಅಗಲಕ್ಕೆ, ಎಷ್ಟು ಬಿಸಿಗೆ ಅನ್ನೋದನ್ನ ಬರೆದಿಡಿ. ಗೈಡ್ ಒಂದೇ ಸಂಖ್ಯೆ ಕೊಡಿ ಅಂದರೂ ಇಷ್ಟರಿಂದ ಇಷ್ಟು ಅಂತಲೇ ಕೊಡಿ.